ಸೈತಾನನ ವೇಷದವನು ಜ್ಞಾನತಂದೆಯಾದದ್ದು

ಇಸ್ತೊ ದುಮ್ಲಾವ್ ಜೀಪ್ನಿ ಎಂಬ ಬಾಡಿಗೆ ಗಾಡಿ ಹತ್ತಿದರೆ ಅವನ ಪಕ್ಕದ ಜಾಗ ಖಾಲಿ ಉಳಿಯುತ್ತಿತ್ತು. ಬೆಳಗಿನ ಹೊತ್ತು ಮರಿಕಿನಾದಿಂದ ಮನಿಲಾ ಕಡೆಗೆ ಹೋಗುವ ಗಾಡಿಗಳಲ್ಲಿ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಒಬ್ಬರ ಬೆವರು ಇನ್ನೊಬ್ಬರಿಗೆ ಅಂಟಿಸಿಕೊಂಡು ಕೂತಿರುತ್ತಾರೆ. ಆ ಇಕ್ಕಟ್ಟಿನಲ್ಲೂ ಅವನ ಎಡಕ್ಕೊಂದು ಗೇಣು, ಬಲಕ್ಕೊಂದು ಗೇಣು ತೆರವು. ಗಾಡಿಯ ಹಿಂದುಗಡೆ ಕೂತವರ ಚಿಲ್ಲರೆ ಕೈಯಿಂದ ಕೈಗೆ ದಾಟಿ ಡ್ರೈವರನಿಗೆ ಸೇರಬೇಕು. ಅವನು ಚಾಚಿದ ನಾಣ್ಯವನ್ನು ಒಮ್ಮೆ ಒಬ್ಬ ಹೆಂಗಸು ಕರವಸ್ತ್ರದಲ್ಲಿ ಹಿಡಿದು ಮುಂದಕ್ಕೆ ಕೊಟ್ಟಿದ್ದಳು.

ಇದಕ್ಕೆಲ್ಲ ಕಾರಣ ಸೆರಾನ್. ಸಂಜೆ ಅಕ್ಕಿ ಬೇಯುವ ಹೊತ್ತಿಗೆ ಟಿವಿಯಲ್ಲಿ ಬರುತ್ತಿದ್ದ ‘ಬೆಳಕಿನ ಕಾವಲು’ ಧಾರಾವಾಹಿಯಲ್ಲಿ ಸೆರಾನ್ ಎಂದರೆ ದೇವರಿಗೆ ತಿರುಗಿಬಿದ್ದು ಸ್ವರ್ಗದಿಂದ ಉರುಳಿದ ದೇವದೂತ. ಕಪ್ಪು ರೆಕ್ಕೆ, ಕೆಂಪು ಕಣ್ಣು, ಬಾವಿಯ ತಳದಿಂದ ಬಂದಂಥ ದನಿ. ಬಡ ವಿಧವೆಯರ ಮನೆಗೆ ನುಗ್ಗಿ, "ಬಾ, ಕೈ ಕೊಡು" ಎಂದು ಮೆತ್ತಗೆ ಕರೆಯುತ್ತಿದ್ದ. ಕೈ ಕೊಟ್ಟವರ ಬಾಳು ಮುಗಿದಂತೆ. ಆ ಸೆರಾನನ ವೇಷ ಹಾಕುತ್ತಿದ್ದವನೇ ಇಸ್ತೊ. ರೆಕ್ಕೆ ಕಳಚಿಟ್ಟರೆ ಅರವತ್ತು ದಾಟಿದ, ಬೆನ್ನು ಸ್ವಲ್ಪ ಬಾಗಿದ, ಸಕ್ಕರೆ ಕಾಯಿಲೆಯ ಸಾದಾ ಮನುಷ್ಯ. ಆದರೆ ರೆಕ್ಕೆ ಕಳಚಿಟ್ಟದ್ದನ್ನು ನೋಡಿದವರು ಯಾರು?

ಮೀನಿನ ಮಾರುಕಟ್ಟೆಗೆ ಹೋದರೆ ಅಲ್ಲೊಂದು ಪಂಚಾಯತಿ.

"ಏ ಸೆರಾನಾ, ನಿನ್ನೆ ಆ ಹುಡುಗನ ಕಣ್ಣು ತೆಗೆದೆಯಲ್ಲೋ ಪಾಪಿ! ಅವನ ತಾಯಿ ನಿನಗೇನು ಮಾಡಿದ್ಲೋ?" ಎಂದು ಮೀನಿನವಳು ಕತ್ತಿ ಹಿಡಿದುಕೊಂಡೇ ಕೇಳುತ್ತಿದ್ದಳು.

"ಅಕ್ಕಾ, ಅದು ನಾಟಕ."

"ನಾಟಕ ಅಂತ ನಂಗೊತ್ತಿಲ್ವಾ? ನಾನೇನು ದಡ್ಡಿನಾ? ಆದ್ರೂ ಅಷ್ಟು ಚೆನ್ನಾಗಿ ನಗಬೇಕಿತ್ತಾ ನೀನು?"

ಚೆನ್ನಾಗಿ ನಗುವುದು ಇಸ್ತೊನ ಕಸುಬು. ಚರ್ಚಿನಲ್ಲಿ ಇನ್ನೂ ಕಷ್ಟ. ಬಲಿಪೂಜೆಯಲ್ಲಿ ಪಕ್ಕದವರಿಗೆ ಶಾಂತಿ ಕೋರುವ ಹೊತ್ತಿಗೆ ಸುತ್ತಲಿನ ತಲೆಗಳೆಲ್ಲ ಬೇರೆ ದಿಕ್ಕಿಗೆ ಬಾಗುತ್ತಿದ್ದವು. ಪರಮಪ್ರಸಾದ ಪಡೆದು ಹಿಂದಿರುಗುವಾಗ, ಅವನು ಅದನ್ನು ನಿಜವಾಗಿ ನುಂಗಿದನೋ ಇಲ್ಲವೋ ಎಂದು ಒಬ್ಬ ಮುದುಕಿ ಅವನ ಗಂಟಲನ್ನೇ ದಿಟ್ಟಿಸುತ್ತಿದ್ದಳು. ಅವಳ ಸಮಾಧಾನಕ್ಕೆಂದು ಅವನು ಗಂಟಲು ಕುಣಿಸಿ ತೋರಿಸುವುದೂ ಇತ್ತು.

ಒಂದು ಕಾಲಕ್ಕೆ ಇಸ್ತೊ ಪಾದ್ರಿಯಾಗಬೇಕೆಂದು ಹೊರಟವನು. ಹರೆಯದಲ್ಲಿ ಗುರುಮಠಕ್ಕೆ ಸೇರಿ ಕೆಲವು ವರ್ಷ ಓದಿದ್ದ. ನಡುವೆ ಅಪ್ಪ ತೀರಿಕೊಂಡು, ಮನೆಗೆ ದುಡಿಯುವ ಕೈ ಬೇಕಾಗಿ ಹೊರಗೆ ಬಂದ. ದನಿ ಚೆನ್ನಾಗಿತ್ತು, ನಾಟಕದವರು ಎತ್ತಿಕೊಂಡರು. ಮುಖ ಸ್ವಲ್ಪ ಒರಟು, ಹಾಗಾಗಿ ಕೊಲೆಗಾರ, ಜಮೀನ್ದಾರ, ಮಲತಂದೆ ಇಂಥವೇ ಪಾತ್ರ. ಕೊನೆಗೆ ಬಡ್ತಿ ಸಿಕ್ಕಿ ಸೈತಾನನಾದ. ಮದುವೆಯೆನ್ನುವುದು ಒಂದೆರಡು ಸಲ ಬಾಗಿಲ ತನಕ ಬಂದು ತಿರುಗಿ ಹೋಗಿತ್ತು. ತಂಗಿ ಪಾಸಿಟಾ ಕಣ್ಣು ಮುಚ್ಚಿದಾಗ ಅವಳ ಮಗಳು ರೊಸಾಲ್ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅವಳಿಗೆ ಜಡೆ ಹಾಕುವುದರಿಂದ ಹಿಡಿದು ಎಲ್ಲವನ್ನೂ ಸೋದರಮಾವನೇ ಮಾಡಿ ಬೆಳೆಸಿದ. ಅವಳು ಮದುವೆಯಾಗಿ ಬುಲಕಾನಿನ ಒಂದು ಹಳ್ಳಿಗೆ ಹೋದ ಮೇಲೆ ಮರಿಕಿನಾದ ಮಹಡಿ ಮೇಲಿನ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು.

ಹೀಗಿರುವಾಗ ಒಂದು ಮಧ್ಯಾಹ್ನ ರೊಸಾಲ್ ಫೋನು ಮಾಡಿದಳು.

"ಮಾಮಾ, ಪಾಪುಗೆ ಜ್ಞಾನಸ್ನಾನ. ಈಸ್ಟರ್ ಆದ ಮೇಲಿನ ಭಾನುವಾರ. ಪಾಪು ಪರವಾಗಿ ಮಾತು ಕೊಡೋ ಜ್ಞಾನತಂದೆ ನೀನೇ."

"ನಾನಾ?"

"ಮತ್ಯಾರು? ನಂಗೆ ಇನ್ನೊಬ್ಬ ಮಾಮ ಎಲ್ಲಾದ್ರೂ ಬಚ್ಚಿಟ್ಟುಕೊಂಡಿದಾನಾ?"

ಇಸ್ತೊ ಅಂದು ಮೀನಿನ ಮಾರುಕಟ್ಟೆಗೆ ಹೋಗಿ, ಮೀನಿನವಳು ಬೈಯುವುದಕ್ಕೆ ಮುಂಚೆಯೇ, "ಅಕ್ಕಾ, ನಾನು ಜ್ಞಾನತಂದೆ ಆಗ್ತಿದೀನಿ" ಎಂದು ಹೇಳಿಬಿಟ್ಟ. ಅವಳು ಎಡಗೈಯಿಂದ ಶಿಲುಬೆಯ ಗುರುತು ಮಾಡಿಕೊಂಡಳು. ಬಲಗೈಯಲ್ಲಿ ಮೀನಿತ್ತು.

ಸುದ್ದಿ ಬುಲಕಾನಿನಲ್ಲಿ ಅಷ್ಟು ಸುಲಭವಾಗಿ ಅರಗಲಿಲ್ಲ. ರೊಸಾಲಳ ಅತ್ತೆ ಪೊಲಿಂಗಮ್ಮ ಊರಿನಲ್ಲಿ ಜಪಸರದ ಗುಂಪಿನ ಹಿರಿಯಳು. ಸತ್ತವರ ಮನೆಯಲ್ಲಿ ಪ್ರಾರ್ಥನೆ ನಡೆಸಲು ಮೊದಲು ಕರೆ ಹೋಗುವುದು ಆಕೆಗೇ. ‘ಬೆಳಕಿನ ಕಾವಲು’ ಶುರುವಾದಾಗಿನಿಂದ ಒಂದು ಸಂಜೆಯೂ ಅದನ್ನು ತಪ್ಪಿಸಿದವಳಲ್ಲ. ಮಗನ ಮದುವೆಯ ಹೊತ್ತಿಗೆ ಧಾರಾವಾಹಿ ಇನ್ನೂ ಹುಟ್ಟಿರಲಿಲ್ಲ. ಆಗ ನೋಡಿದ್ದ ಬೀಗರ ಮುಖ ಆಕೆಯ ಮನಸ್ಸಿನಿಂದ ಅಳಿಸಿಹೋಗಿ, ಅಲ್ಲೀಗ ಸೆರಾನ್ ಕೂತಿದ್ದ.

ಒಂದು ದಿನ ಆಕೆ ಯಾರಿಗೂ ಹೇಳದೆ ಬಸ್ಸು ಹತ್ತಿ ಮರಿಕಿನಾಕ್ಕೆ ಬಂದಳು. ಇಸ್ತೊ ಬಾಗಿಲು ತೆರೆದಾಗ ಒಂದು ಕೈಯಲ್ಲಿ ಹಾಲಿನ ಪೇಡದ ಪೊಟ್ಟಣ, ಇನ್ನೊಂದು ಕೈಯಲ್ಲಿ ಜಪಸರ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದಳು. ಹಿರಿಯಳೆಂದು ಇಸ್ತೊ ಆಕೆಯ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಲು ಬಾಗಿದ. ಆಕೆ ಕೈ ಹಿಂದಕ್ಕೆಳೆದುಕೊಂಡಳು.

"ಒಳಗೆ ಬನ್ನಿ ಅಮ್ಮಾ, ಬಿಸಿಲು."

"ಬೇಡಪ್ಪ, ಇಲ್ಲೇ ಇರ್ತೀನಿ. ಸೆರಾನ್, ನೋಡು, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ."

"ನಾನು ಇಸ್ತೊ ಅಮ್ಮಾ. ರೊಸಾಲ್ ಮಾವ."

"ಗೊತ್ತು, ಗೊತ್ತು. ಆದ್ರೆ ಊರಿನವ್ರ ಬಾಯಿ ಮುಚ್ಚಿಸೋಕಾಗುತ್ತಾ? ಮೊದಲನೇ ಮೊಮ್ಮಗಳು. ಅದರ ನೆತ್ತಿ ಮೇಲೆ ಮೊದಲು ಬೀಳೋ ನೆರಳು ನಿಂದಾಗಬೇಕಾ, ಹೇಳು? ನಮ್ಮ ಭಾವಮೈದುನನ ಮಗುಗೆ ಆಗಲೇ ಜ್ವರ ಬಂತು. ಯಾಕೆ? ಇವಳು ನಿನ್ನನ್ನ ಕರೀತೀನಿ ಅಂದ ದಿನವೇ!"

ಮೆಟ್ಟಿಲ ಕೆಳಗೆ ಯಾರದೋ ರೇಡಿಯೋ ಕೂಗುತ್ತಿತ್ತು.

ಪೊಲಿಂಗಮ್ಮ ದನಿ ತಗ್ಗಿಸಿದಳು. "ಒಂದು ಉಪಕಾರ ಮಾಡು. ನಿಮ್ಮ ಜತೆ ಇದಾನಲ್ಲ, ಆ ಪ್ರಧಾನ ದೇವದೂತ, ಬಿಳೀ ರೆಕ್ಕೆ ಹುಡುಗ. ಅವನನ್ನ ಕಳಿಸಿಕೊಡು. ಅವನೇ ಜ್ಞಾನತಂದೆ ಆಗಲಿ. ಎಂಥ ಮುಖ ಅದು! ನಾನು ದಿನಾ ಟಿವಿ ಮುಂದೆ ಮೋಂಬತ್ತಿ ಹಚ್ಚಿಡ್ತೀನಿ ಅವನಿಗೆ."

"ಅವನೂ ನಟನೇ ಅಮ್ಮಾ. ದೇವದೂತರಿಗೆ ಮುಖ ಇರೋದಿಲ್ಲ. ಮೈಯೇ ಇಲ್ಲ ಅವರಿಗೆ."

"ಮುಖ ಇಲ್ದೆ ದಿನಾ ಸಂಜೆ ನಾನು ನೋಡೋದೇನು ಹಾಗಾದ್ರೆ?"

ಪೇಡದ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಆಕೆ ಕಂಬಿ ಹಿಡಿದು ನಿಧಾನವಾಗಿ ಇಳಿದು ಹೋದಳು. ಇಸ್ತೊ ಅದನ್ನು ಎತ್ತಿ ತಂದು ಮೇಜಿನ ಮೇಲಿಟ್ಟ. ಸಕ್ಕರೆ ಕಾಯಿಲೆಯವನು, ತಿನ್ನುವಂತಿರಲಿಲ್ಲ. ಆದರೂ ಒಂದನ್ನು ಬಿಚ್ಚಿ ಬಾಯಿಗೆ ಹಾಕಿಕೊಂಡ.

ಸಂಜೆ ರೊಸಾಲಳಿಗೆ ವಿಷಯ ಹೇಗೋ ಗೊತ್ತಾಗಿ ಫೋನಿನಲ್ಲಿ ಬೆಂಕಿಯಾದಳು. "ನೀನಿಲ್ದೆ ನನ್ನ ಮಗಳಿಗೆ ಜ್ಞಾನಸ್ನಾನವೇ ಬೇಡ!" ಎಂದಳು. ಇಸ್ತೊ ಸಮಾಧಾನ ಮಾಡಿದ. "ದಿನಾ ಅವರ ಒಲೆ ಮುಂದೆ ಇರೋಳು ನೀನು. ನಾನು ಬಂದು ಹೋಗೋನು. ಜಗಳ ಆಡ್ಬೇಡ ಕಂದಾ. ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ."

ಪ್ರಧಾನ ದೇವದೂತನ ಹೆಸರು ಜೊಮಾರಿ. ಒಳ್ಳೆಯ ಹುಡುಗ, ದೊಡ್ಡವರೆಂದರೆ ಗೌರವ. ಮರುದಿನ ಚಿತ್ರೀಕರಣದಲ್ಲಿ ಹಗ್ಗಕ್ಕೆ ನೇತುಬಿದ್ದು ಹಾರುತ್ತಿದ್ದ. ಊಟದ ಬಿಡುವಿನಲ್ಲಿ ಇಬ್ಬರೂ ರೆಕ್ಕೆ ಸಮೇತ ಬೆನ್ನಿಲ್ಲದ ಸ್ಟೂಲುಗಳ ಮೇಲೆ ಕೂತು ಅನ್ನ, ಹುಳಿ ಸಾರು ಉಣ್ಣುವಾಗ ಇಸ್ತೊ ವಿಷಯ ತೆಗೆದ.

"ನಾನಾ ಅಂಕಲ್? ಖಂಡಿತ ಬರ್ತೀನಿ. ಅದ್ರಲ್ಲಿ ನಾನು ಏನು ಹೇಳ್ಬೇಕು?"

"ಪಾದ್ರಿಗಳು ಮೂರು ಪ್ರಶ್ನೆ ಕೇಳ್ತಾರೆ. ಸೈತಾನನನ್ನು ತ್ಯಜಿಸುತ್ತೀರಾ? ಅವನ ಎಲ್ಲ ಕೃತ್ಯಗಳನ್ನು ತ್ಯಜಿಸುತ್ತೀರಾ? ಅವನ ಪೊಳ್ಳು ಆಡಂಬರಗಳನ್ನು ತ್ಯಜಿಸುತ್ತೀರಾ? ಮೂರಕ್ಕೂ ‘ತ್ಯಜಿಸುತ್ತೇನೆ’ ಅಂದ್ರಾಯ್ತು."

ಜೊಮಾರಿಗೆ ನಗು ತಡೆಯಲಾಗಲಿಲ್ಲ. "ನಿಮ್ಮನ್ನೇ ತ್ಯಜಿಸ್ಬೇಕಾ ಅಂಕಲ್!"

ಇಸ್ತೊನೂ ನಕ್ಕ. ಅಭ್ಯಾಸಕ್ಕೆಂದು ತಾನೇ ಪಾದ್ರಿಯಾಗಿ ಪ್ರಶ್ನೆ ಕೇಳಿದ. ಹುಡುಗ ಉತ್ತರ ಹೇಳಿದ. ಕಪ್ಪು ರೆಕ್ಕೆಯವನು ಕೇಳುವುದು, ಬಿಳಿ ರೆಕ್ಕೆಯವನು ತ್ಯಜಿಸುವುದು. ಲೈಟಿನವರು ತಟ್ಟೆ ಹಿಡಿದುಕೊಂಡು ಸುತ್ತ ನೆರೆದು ನೋಡಿದರು.

ಜೊಮಾರಿ ಮೀನಿನ ಮುಳ್ಳು ತೆಗೆಯುತ್ತಾ ಕೇಳಿದ: "ಒಂದು ಕೇಳ್ಲಾ? ಸೆರಾನ್ ಕೊನೆಗೆ ಕ್ಷಮೆ ಕೇಳಿದ್ರೆ ದೇವ್ರು ಬಿಟ್ಟುಬಿಡ್ತಾನಾ?"

"ಕೇಳೋದಿಲ್ಲ ಅವನು. ಕೇಳೋಕಾಗೋದಿಲ್ಲ."

"ಯಾಕೆ?"

"ಗುರುಮಠದಲ್ಲಿ ಮುದಿ ಪಾದ್ರಿಯೊಬ್ಬರು ಹೇಳ್ತಿದ್ರು. ನಮಗೆ ಬುದ್ಧಿ ಬರೋದು ತೊಟ್ಟಿಕ್ಕೋ ನೀರಿನ ಹಾಗೆ, ಸ್ವಲ್ಪಸ್ವಲ್ಪ. ಇವತ್ತು ತಪ್ಪು ಮಾಡಿ ನಾಳೆ ಅರ್ಥ ಆಗತ್ತೆ, ನಾಡಿದ್ದು ಅಳ್ತೀವಿ. ದೇವದೂತರಿಗೆ ಹಾಗಲ್ಲ. ಎಲ್ಲಾನೂ ಒಂದೇ ಏಟಿಗೆ ಕಾಣತ್ತೆ. ಪೂರ್ತಿ ಕಂಡು, ಪೂರ್ತಿ ಮನಸ್ಸಿಟ್ಟು ಒಂದೇ ಸಲ ಆರಿಸ್ಕೊಳ್ತಾರೆ. ಆಮೇಲೆ ‘ಅಯ್ಯೋ, ಗೊತ್ತಿರಲಿಲ್ಲ’ ಅನ್ನೋದಕ್ಕೆ ಅವರಲ್ಲಿ ಜಾಗವೇ ಇಲ್ಲ."

"ಹಾಗಾದ್ರೆ ಅವನು ಯಾವಾಗ್ಲೂ ಒಬ್ಬನೇನಾ?" ಎಂದು ಜೊಮಾರಿ ಕೇಳಿದ. ಅಷ್ಟರಲ್ಲಿ ಯಾರೋ ಹಗ್ಗ ಕಟ್ಟಲು ಕರೆದರು.

ಭಾನುವಾರ ಬಂತು. ಪ್ರಧಾನ ದೇವದೂತ ಬರುತ್ತಾನೆಂದು ಪೊಲಿಂಗಮ್ಮ ಊರಿಗೆಲ್ಲ ಸಾರಿದ್ದಳು. ಚರ್ಚಿನ ಬಾಗಿಲಿಗೆ ಬಣ್ಣದ ಕಾಗದದ ತೋರಣ, ಹುಡುಗಿಯರ ತುಟಿಗೆ ಬಣ್ಣ. ಯಾವ ಸಂಬಂಧವೂ ಇಲ್ಲದ ಪಕ್ಕದ ಹಳ್ಳಿಯವರೂ ಬಂದು ಬೆಂಚು ತುಂಬಿದ್ದರು. ಇಸ್ತೊ ತಲೆಗೆ ಟೋಪಿ ಹಾಕಿ ಬಂದು, ಒಳಗೆ ಅದನ್ನು ತೆಗೆಯಲೇಬೇಕಾದ್ದರಿಂದ, ಕಂಬದ ಮರೆಯಲ್ಲಿ ಕೂತ. ಅಲ್ಲಿಂದ ರೊಸಾಲಳ ಬೆನ್ನು ಕಾಣುತ್ತಿತ್ತು, ಅವಳ ಹೆಗಲ ಮೇಲೆ ಬಿಳಿ ಟೊಪ್ಪಿಗೆಯ ಪುಟ್ಟ ತಲೆ. ಮಗುವನ್ನು ಅವನು ನೋಡುತ್ತಿದ್ದುದು ಅದೇ ಮೊದಲು.

ಪೂಜೆ ಮುಗಿಯಿತು. ಜೊಮಾರಿ ಬರಲಿಲ್ಲ. ಇಸ್ತೊನ ಜೇಬಿನಲ್ಲಿ ಫೋನು ನಡುಗಿತು. "ಅಂಕಲ್, ತುಂಬಾ ಸಾರಿ. ಹೊಸ ಮಾಲ್ ಉದ್ಘಾಟನೆಗೆ ಕಂಪನಿಯವರು ಎತ್ತಾಕ್ಕೊಂಡು ಹೋಗ್ತಿದಾರೆ. ರೆಕ್ಕೆ ಹಾಕ್ಕೊಂಡು ರಿಬ್ಬನ್ ಕತ್ತರಿಸ್ಬೇಕಂತೆ. ಪಾಪುಗೆ ಮುತ್ತು."

ಜ್ಞಾನಸ್ನಾನದ ತೊಟ್ಟಿಯ ಹತ್ತಿರ ಯುವ ಪಾದ್ರಿಗಳು ಪುಸ್ತಕ ತೆರೆದು ನಿಂತಿದ್ದರು. "ಜ್ಞಾನತಂದೆ ಎಲ್ಲಿ?" ಎಂದು ಕೇಳಿದರು. ಪೊಲಿಂಗಮ್ಮ ಬಾಗಿಲ ಕಡೆ ನೋಡಿದಳು. ಎಲ್ಲರೂ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಒಂದು ನಾಯಿ ಮಲಗಿತ್ತು.

ರೊಸಾಲ್ ಮಾತ್ರ ಕಂಬದ ಕಡೆ ತಿರುಗಿದಳು. ಚರ್ಚೆಂಬುದನ್ನೂ ಮರೆತು ಗಟ್ಟಿಯಾಗಿ ಕರೆದಳು. "ಮಾಮಾ! ಬಾ ಇಲ್ಲಿ."

ಅವನು ಎದ್ದ. ನಡುದಾರಿಯ ಅಂಚಿಗೆ ಕೂತವರು ಕಾಲು ಒಳಕ್ಕೆಳೆದುಕೊಂಡರು. "ಸೆರಾನ್... ಸೆರಾನ್..." ಎಂಬ ಪಿಸುಮಾತು ಗಾಳಿಯಂತೆ ಅವನಿಗಿಂತ ಮುಂದೆ ಹೋಗಿ ಪೀಠ ಮುಟ್ಟಿತು. ತಾಯಿಯೊಬ್ಬಳು ತನ್ನ ಮಗುವಿನ ಮುಖಕ್ಕೆ ಸೆರಗಿನಂತೆ ಕರವಸ್ತ್ರ ಹಾಕಿದಳು. ಪೊಲಿಂಗಮ್ಮನ ತುಟಿಗಳು ಜಪದಲ್ಲಿ ಅಲುಗುತ್ತಿದ್ದವು. ಆಕೆ ಬೇಡ ಎನ್ನಲಿಲ್ಲ. ಪಾದ್ರಿಗಳ ಮುಂದೆ ಎನ್ನುವುದಾದರೂ ಹೇಗೆ?

ಪಾದ್ರಿಗಳು ಪುಸ್ತಕದಿಂದ ತಲೆಯೆತ್ತಿ, ಅವನನ್ನು ಕಂಡು, ಗಂಟಲು ಸರಿಮಾಡಿಕೊಂಡರು. ಅವರೂ ಸಂಜೆ ಟಿವಿ ನೋಡುವವರೇ.

"ಸೈತಾನನನ್ನು ತ್ಯಜಿಸುತ್ತೀರಾ?"

ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು. ನೆಲಕ್ಕೆ ಬಿದ್ದ ಕಾಳಿನ ಹಾಗೆ ನಗು ಸಾಲುಸಾಲಿಗೂ ಚೆಲ್ಲಿತು. ಫೋನುಗಳು ಮೇಲೆದ್ದವು.

"ತ್ಯಜಿಸುತ್ತೇನೆ" ಎಂದ ಇಸ್ತೊ.

ಅಂದವನು ತಾನೇ ಬೆಚ್ಚಿದ. ಆ ಹಳೆಯ ಕಲ್ಲಿನ ಚರ್ಚಿನಲ್ಲಿ ಅವನ ಮಾತು ಗೋಡೆಯಿಂದ ಗೋಡೆಗೆ ಬಡಿದು ಗುಂಯ್ಯೆಂದು ವಾಪಸು ಬಂತು. ಬಂದದ್ದು ಸೆರಾನನ ದನಿ, ಬಾವಿಯ ತಳದ್ದು. ಎಷ್ಟೋ ವರ್ಷ ಅಭ್ಯಾಸ ಮಾಡಿ ಪಳಗಿಸಿದ ದನಿ. ಜನ ಈಗ ಬಾಯಿ ಬಿಟ್ಟೇ ನಕ್ಕರು. ಎರಡನೆಯ ಪ್ರಶ್ನೆಗೆ ಅವನು ತನ್ನ ಸ್ವಂತ ದನಿಗಾಗಿ ಒಳಗೆಲ್ಲ ತಡಕಾಡಿದ. ತಂಗಿಯನ್ನು ಊಟಕ್ಕೆ ಕರೆಯುತ್ತಿದ್ದ ದನಿ, ಗುರುಮಠದಲ್ಲಿ ಕೀರ್ತನೆ ಹಾಡುತ್ತಿದ್ದ ದನಿ. ಕೈಗೆ ಒಂದೂ ಸಿಗಲಿಲ್ಲ. ಪಿಸುಗುಟ್ಟಿದಂತೆ, "ತ್ಯಜಿಸುತ್ತೇನೆ" ಎಂದ.

"ಸ್ವಲ್ಪ ಜೋರಾಗಿ ಹೇಳಿ, ಕೇಳಿಸಲಿಲ್ಲ" ಎಂದರು ಪಾದ್ರಿಗಳು. ಅವರ ತುಟಿಯೂ ನಗು ಕಚ್ಚಿ ಹಿಡಿದಿತ್ತು.

ಮತ್ತೆ ಸೆರಾನನ ದನಿಯಲ್ಲೇ ಹೇಳಬೇಕಾಯಿತು. ಮೂರನೆಯದನ್ನೂ ಹಾಗೆಯೇ ಮುಗಿಸಿದ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನ ಬದುಕಿನಲ್ಲಿ ಅಷ್ಟು ಮನಸ್ಸಿಟ್ಟು ಆಡಿದ ಮಾತು ಇನ್ನೊಂದಿರಲಿಲ್ಲವೇನೋ. ಅದನ್ನು ನಂಬಿದವರು ಮಾತ್ರ ಅಲ್ಲಿ ರೊಸಾಲ್ ಒಬ್ಬಳೇ. ತಲೆಗೆ ನೀರು ಬಿದ್ದಾಗ ಮಗು ಕಿರುಚಿತು. "ಸೈತಾನ ಹೊರಟ" ಎಂದಳು ಒಬ್ಬ ಅಜ್ಜಿ. ಮಗು ಅತ್ತರೆ ಅಲ್ಲಿ ಹಾಗೆನ್ನುವುದು ವಾಡಿಕೆ. ಎಲ್ಲರ ಕಣ್ಣೂ ಇಸ್ತೊನ ಕಡೆ ತಿರುಗಿತು, ಅವನು ಈಗ ಹೊರಡಬೇಕು ಎನ್ನುವ ಹಾಗೆ.

ಮನೆಯ ಅಂಗಳದಲ್ಲಿ ಊಟ. ಸುಟ್ಟ ಹಂದಿ, ಎಳೆಶ್ಯಾವಿಗೆ, ಅನ್ನ. ಗಂಡಸರು ಒಬ್ಬೊಬ್ಬರಾಗಿ ಬಂದು ಅವನ ಹೆಗಲಿಗೆ ಕೈಹಾಕಿ, ಅವನ ತಲೆಯ ಹಿಂದೆ ಎರಡು ಬೆರಳಿನ ಕೊಂಬು ಮಾಡಿ ಫೋಟೋ ತೆಗೆಸಿಕೊಂಡರು. "ಒಂದ್ಸಲ ‘ಬಾ, ಕೈ ಕೊಡು’ ಅನ್ನಿ ಸಾರ್" ಎಂದು ಪೀಡಿಸಿದರು. ಅವನು ಅಂದ. ಮಗು ಕೈಯಿಂದ ಕೈಗೆ, ಮಡಿಲಿಂದ ಮಡಿಲಿಗೆ ಅಂಗಳವೆಲ್ಲ ಸುತ್ತಿತು. ಅವನ ಕುರ್ಚಿಯ ಹತ್ತಿರ ಬಂದಾಗಲೆಲ್ಲ ಪೊಲಿಂಗಮ್ಮ, "ಹಾಲು ಕುಡಿಸಬೇಕು" ಎಂದು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಷ್ಟು ಹಾಲು ಕುಡಿಯುವ ಮಗು ಬುಲಕಾನಿನಲ್ಲೇ ಇರಲಾರದು. ರೊಸಾಲ್ ನೋಡಿ ಕಣ್ಣು ತುಂಬಿಕೊಂಡಳು. ಇಸ್ತೊ ಕಣ್ಣಲ್ಲೇ ‘ಬಿಡು’ ಎಂದು, ಬಿಸಿಲು ಇಳಿಯುವ ಮುಂಚೆಯೇ ಬಸ್ಸು ಹಿಡಿದ.

ಮರುದಿನದ ಹೊತ್ತಿಗೆ ಆ ವಿಡಿಯೋ ದೇಶವೆಲ್ಲ ಸುತ್ತಿ ಬಂದಿತ್ತು. ಸೈತಾನ ಸೈತಾನನನ್ನು ತ್ಯಜಿಸುವ ವಿಡಿಯೋ. ಸ್ಟುಡಿಯೋದಲ್ಲಿ ಅವನನ್ನು ಕಂಡೊಡನೆ ಜನ ಚಪ್ಪಾಳೆ ತಟ್ಟಿದರು. ಧಾರಾವಾಹಿಯ ಕಥೆ ಬರೆಯುತ್ತಿದ್ದ ಮಾರಿವಿಕ್ ಓಡಿ ಬಂದಳು. ಸಣ್ಣ ವಯಸ್ಸಿನ, ಚುರುಕು ಹೆಣ್ಣು.

"ಸರ್, ಎಂಥ ಕೆಲಸ ಮಾಡಿದ್ರಿ! ನಮಗೆ ಕೊನೆ ಸಿಕ್ಕಿಬಿಡ್ತು. ಸೆರಾನ್ ಪಶ್ಚಾತ್ತಾಪ ಪಡ್ತಾನೆ. ಚರ್ಚಿನಲ್ಲಿ ಮಂಡಿ ಊರಿ, ‘ತ್ಯಜಿಸುತ್ತೇನೆ’ ಅಂತಾನೆ. ಕಪ್ಪು ರೆಕ್ಕೆ ಒಂದೊಂದೇ ಗರಿ ಬೆಳ್ಳಗಾಗತ್ತೆ. ಮುಗೀತು!"

"ಅದು ಆಗೋದಿಲ್ಲಮ್ಮ."

"ಯಾಕಾಗಲ್ಲ? ಗ್ರಾಫಿಕ್ಸ್‌ನಲ್ಲಿ ಮಾಡ್ತಾರೆ."

"ರೆಕ್ಕೆ ಮಾತಲ್ಲ. ಬಿದ್ದ ದೇವದೂತ ತಿರುಗಿ ಬರೋಕಾಗೋದಿಲ್ಲ. ಧರ್ಮಸಭೆ ಹಾಗೆ ಹೇಳತ್ತೆ."

ಮಾರಿವಿಕ್ ಅವನ ಪಕ್ಕದಲ್ಲಿ ಕೂತಳು. ಗೇಲಿ ಮಾಡಲಿಲ್ಲ. "ಸರ್, ಜನ ದಿನವಿಡೀ ದುಡಿದು, ಟ್ರಾಫಿಕ್ಕಲ್ಲಿ ಸತ್ತು ಮನೆಗೆ ಬರ್ತಾರೆ. ಅವರಿಗೆ ‘ಅವನೊಬ್ಬನಿಗೆ ಬಾಗಿಲು ಯಾವತ್ತೂ ತೆರೆಯೋದಿಲ್ಲ’ ಅಂತ ಹೇಳಿ ಟಿವಿ ಆರಿಸ್ಲಾ? ನಿಮ್ಮನ್ನ ಕ್ಷಮಿಸೋಕೆ ಜನ ಕಾಯ್ತಿದಾರೆ ಸರ್."

"ನನ್ನನ್ನಲ್ಲ. ಅವನನ್ನ."

"ಎರಡೂ ಒಂದೇ ಅಲ್ವಾ?" ಎಂದು ಅವಳು ನಕ್ಕು ಎದ್ದಳು.

ಚಿತ್ರೀಕರಣದ ದಿನ ಕಟ್ಟಿದ ಚರ್ಚಿನಲ್ಲಿ, ಬಣ್ಣ ಬಳಿದ ಹಲಗೆಯ ಪೀಠದ ಮುಂದೆ ಇಸ್ತೊ ಮಂಡಿಯೂರಿದ. ಎದುರಿಗೆ ಜೊಮಾರಿ ಬಿಳಿ ರೆಕ್ಕೆ ಬಿಚ್ಚಿ ಕೈ ಚಾಚಿ ನಿಂತಿದ್ದ. ಅಳಬೇಕಿತ್ತು. ಕಣ್ಣಿಗೆ ಹಚ್ಚಿಕೊಳ್ಳಲು ಮೆಂಥಾಲ್ ತಂದಿಟ್ಟಿದ್ದರು. ಅವನು ಬೇಡವೆಂದ. ಆ ಗಳಿಗೆಯಲ್ಲಿ ಅವನ ಮನಸ್ಸಿಗೆ ಬಂದದ್ದು ಕಥೆಯ ಸೆರಾನ್ ಅಲ್ಲ, ನಿಜವಾದವನು. ಎಲ್ಲವನ್ನೂ ಒಂದೇ ಏಟಿಗೆ ಕಂಡು, ಒಂದೇ ಸಲ ಬೆನ್ನು ತಿರುಗಿಸಿ, ಮತ್ತೆಂದೂ ತಿರುಗಲಾರದವನು. ಅವನಿಗೆ ಯಾರೂ ಮೋಂಬತ್ತಿ ಹಚ್ಚುವುದಿಲ್ಲ. ಹಚ್ಚುವಂತೆಯೂ ಇಲ್ಲ. ಇಸ್ತೊ ಅವನಿಗಾಗಿ ಅತ್ತ. ಅದು ಪಾಪವೋ, ವ್ಯರ್ಥವೋ, ಬರೀ ದಣಿವೋ, ಅವನಿಗೇ ತಿಳಿಯಲಿಲ್ಲ. ನಿರ್ದೇಶಕ ನಿಲ್ಲಿಸೆಂದು ಹೇಳಿದ ಮೇಲೂ ಅಳು ನಿಲ್ಲದೆ, ಜೊಮಾರಿ ರೆಕ್ಕೆ ಸಮೇತ ಬಂದು ತಬ್ಬಿ ಹಿಡಿದುಕೊಂಡ.

ಆ ಕಂತು ಬಂದ ಮೇಲೆ ಊರಿಗೆ ಊರೇ ಅವನನ್ನು ಕ್ಷಮಿಸಿತು. ಮೀನಿನವಳು ಒದ್ದೆ ಕೈಯಲ್ಲೇ ಅವನ ಕೆನ್ನೆ ಸವರಿ, "ಬಂದೆಯಲ್ಲೋ ಕೊನೆಗೂ ದಾರಿಗೆ" ಎಂದು ಕಣ್ಣೊರೆಸಿಕೊಂಡು, ದೊಡ್ಡ ಮೀನೊಂದನ್ನು ಸುತ್ತಿ ಕೊಟ್ಟಳು. ಚರ್ಚಿನಲ್ಲಿ ಹತ್ತೆಂಟು ತಲೆಗಳು ಅವನತ್ತ ಬಾಗಿದವು. ಇಸ್ತೊ ಎಲ್ಲರಿಗೂ ಮರಳಿ ತಲೆಬಾಗಿದ. ಮನೆಗೆ ಬಂದು ಮೀನು ಕೊಯ್ಯಲು ಕೂತರೆ, ಅಷ್ಟು ದೊಡ್ಡದನ್ನು ತಿನ್ನಲು ತಾನೊಬ್ಬನೇ ಎಂಬುದು ಹೊಳೆಯಿತು. ಮೊದಲು ಬೈದಾಗಲೂ ಅವರು ಅವನನ್ನು ಬೈದಿರಲಿಲ್ಲ. ಈಗ ಮುದ್ದಿಸಿದ್ದೂ ಅವನನ್ನಲ್ಲ.

ಕೆಲವು ದಿನಗಳಲ್ಲಿ ಬುಲಕಾನಿನಿಂದ ಕರೆ ಬಂತು. ಈ ಸಲ ಪೊಲಿಂಗಮ್ಮನೇ. "ಸೆರಾನ್, ಭಾನುವಾರ ಊಟಕ್ಕೆ ಬಾ. ತಪ್ಪಿಸ್ಬೇಡ."

ಹೋದ. ಈಗ ಆಕೆಯೇ ಬಾಗಿಲಿಗೆ ಬಂದು ಕೈ ಮುಂದೆ ಚಾಚಿದಳು. ಅವನು ಬಾಗಿ ಅದನ್ನು ಹಣೆಗೊತ್ತಿಕೊಂಡ. ಒಣಗಿದ, ಬೆಳ್ಳುಳ್ಳಿ ವಾಸನೆಯ ಕೈ. ಒಳಗೆ ಕೂರಿಸಿ, ಯಾರೂ ಕೇಳುವ ಮುಂಚೆಯೇ ಮಗುವನ್ನು ತಂದು ಅವನ ಮಡಿಲಿಗೆ ಹಾಕಿದಳು. ಮಗು ಬೆಚ್ಚಗೆ, ಎಣಿಸಿದ್ದಕ್ಕಿಂತ ಭಾರವಾಗಿತ್ತು. ಅವನ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡಿತು. ಅಡುಗೆಮನೆಯಿಂದ ರೊಸಾಲ್ ಸೌಟು ಹಿಡಿದು ಇಣುಕಿ ಒಳಗೆ ಹೋದಳು.

ಪೊಲಿಂಗಮ್ಮ ಎದುರು ಕೂತು ಬೀಸಣಿಗೆ ಬೀಸಿಕೊಳ್ಳುತ್ತಾ ಹೇಳಿದಳು: "ನಂಗೊತ್ತಿತ್ತು, ನೀನು ತಿರುಗಿ ಬರ್ತೀಯ ಅಂತ. ಸುಮ್ನೆ ಬಂದ್ಯಾ ಮತ್ತೆ? ದಿನಾ ಜಪಸರದಲ್ಲಿ ನಿಂಗೋಸ್ಕರ ಒಂದು ‘ನಮೋ ಮರಿಯಾ’ ಜಾಸ್ತಿ ಹೇಳ್ತಿದ್ದೆ. ಧಾರಾವಾಹಿ ಶುರುವಾದ ಮೊದಲನೇ ಸಂಜೆಯಿಂದ."

ಇಸ್ತೊ ತಲೆಯೆತ್ತಿದ. "ನನಗೋಸ್ಕರನಾ?"

"ಹೂಂ. ‘ತಾಯೇ, ಆ ಸೆರಾನನಿಗೆ ಒಳ್ಳೆ ಬುದ್ಧಿ ಕೊಡು’ ಅಂತ. ನಿನ್ನ ಮನೆ ಹೊಸ್ತಿಲಲ್ಲಿ ಬೈದು ಬಂದ ದಿನವೂ ಬಿಡಲಿಲ್ಲ. ಬಸ್ಸಲ್ಲೇ ಹೇಳಿದೆ."

ಅಮ್ಮ, ತಂಗಿ ಹೋದ ಮೇಲೆ ತನ್ನನ್ನು ನೆನೆದು ದಿನಕ್ಕೊಂದು ಮಣಿ ಜರುಗಿಸುವವರು ಈ ಲೋಕದಲ್ಲಿ ಯಾರೂ ಇಲ್ಲವೆಂದು ಇಸ್ತೊ ಅಂದುಕೊಂಡಿದ್ದ. ಇದ್ದರಂತೆ. ಹೆಸರು ಮಾತ್ರ ಬೇರೆಯಾಗಿತ್ತು.

"ಈಗಲೂ ಹೇಳ್ತೀರಾ ಅಮ್ಮಾ?"

"ಈಗ್ಯಾಕಪ್ಪ? ನಿಂದು ಮುಗೀತಲ್ಲ, ರೆಕ್ಕೆ ಬೆಳ್ಳಗಾಯ್ತು. ಹೊಸ ಧಾರಾವಾಹಿ ಶುರುವಾಗಿದೆಯಲ್ಲ, ಅದ್ರಲ್ಲೊಬ್ಬಳು ಮಲತಾಯಿ ಇದಾಳೆ, ಅಬ್ಬಬ್ಬಾ! ಮಗುಗೆ ವಿಷ ಹಾಕೋಕೆ ನಿಂತಿದಾಳೆ. ಆ ಮಣಿ ಈಗ ಅವಳಿಗೆ ಹೋಗತ್ತೆ."

ಅಡುಗೆಮನೆಯಲ್ಲಿ ಎಣ್ಣೆ ಚುರುಗುಟ್ಟಿತು. ಮಗು ಗುಂಡಿ ಬಿಟ್ಟು ಅವನ ಮುಖ ನೋಡಿತು. ಇಸ್ತೊ ಮಗುವಿನ ಬೆನ್ನು ತಟ್ಟುತ್ತಾ ಹೇಳಿದ.

"ಅಮ್ಮಾ, ಎವರಿಸ್ತೊ ಅಂತ ಒಬ್ಬನಿದಾನೆ. ಅವನಿಗೂ ಒಂದು ಮಣಿ ಸೇರಿಸ್ಕೊಳ್ತೀರಾ?"

ಎವರಿಸ್ತೊ ಎನ್ನುವುದು ಇಸ್ತೊನದೇ ಜ್ಞಾನಸ್ನಾನದ ಹೆಸರು. ಅಮ್ಮ ಕೋಪ ಬಂದಾಗ ಮಾತ್ರ ಅದನ್ನು ಪೂರ್ತಿ ಹೇಳಿ ಕರೆಯುತ್ತಿದ್ದಳು. ರೊಸಾಲಳಿಗೂ ನೆನಪಿದೆಯೋ ಇಲ್ಲವೋ.

"ಯಾರವನು? ಟಿವಿಯವನಾ?"

"ಅಲ್ಲ. ನನಗೆ ಗೊತ್ತಿರೋನು."

"ಕೆಟ್ಟವನಾ?"

"ತೀರಾ ಕೆಟ್ಟವನೇನಲ್ಲ."

"ಮತ್ತೇನು ಕಷ್ಟ ಅವನಿಗೆ? ಕಾಯಿಲೆನಾ? ಕುಡೀತಾನಾ?"

ಇಸ್ತೊ ಯೋಚಿಸಿದ. "ಇಲ್ಲಮ್ಮ. ಒಬ್ಬನೇ ಇರ್ತಾನೆ."

"ಅಯ್ಯೋ ಪಾಪ" ಎಂದಳು ಪೊಲಿಂಗಮ್ಮ. ಬೀಸಣಿಗೆ ಕೆಳಗಿಟ್ಟು, ಕೊರಳಲ್ಲಿದ್ದ ಜಪಸರ ತೆಗೆದು, ಒಂದು ಮಣಿಯನ್ನು ಬೆರಳಲ್ಲಿ ಹಿಡಿದು, ತಪ್ಪಾಗಬಾರದೆಂದು ಮತ್ತೊಮ್ಮೆ ಕೇಳಿದಳು. "ಏನಂದೆ ಹೆಸರು? ಎವ... ಎವರಿ...?"

"ಎವರಿಸ್ತೊ" ಎಂದು ಅವನು ಬಿಡಿಸಿ ಹೇಳಿದ.